ಕನ್ಯಾಹುತಾತ್ಮೆ ಫಿಲೋಮಿನಾ: ರೋಮಿನಿಂದ ಮೈಸೂರಿಗೆ

1802ರ ಮೇ ತಿಂಗಳಿನಲ್ಲಿ ರೋಮ್ ನಗರದ ಪ್ರಿಸಿಲ್ಲಾ ಭೂಗರ್ಭ ಸ್ಮಶಾನದಲ್ಲಿ, ಲಂಗರು, ಬಾಣ, ತಾಳೆಗರಿಗಳ ಚಿತ್ರವುಳ್ಳ ಸುಟ್ಟ ಮಣ್ಣಿನ ಹಲಗೆಗಳ ಹಿಂದೆ ಬಾಲಿಕೆಯೋರ್ವಳ ಅಸ್ಥಿಗಳು ದೊರೆತವು. ಚಕ್ರವರ್ತಿ ಡಯೊಕ್ಲೀಷಿಯನ್ನನ ವಿವಾಹಾಪೇಕ್ಷೆಯನ್ನು ನಿರಾಕರಿಸಿ, ಟೈಬರ್ ನದಿಗೆ ಎಸೆಯಲ್ಪಟ್ಟರೂ ಬಾಣಗಳಿಗೆ ಗುರಿಯಾದರೂ ಅಳಿಯದೆ, ಕಡೆಗೆ ಶಿರಚ್ಛೇದಕ್ಕೊಳಗಾದ ಗ್ರೀಕ್ ರಾಜಕುಮಾರಿ ಫಿಲೋಮಿನಾ ಇವಳೇ ಎಂಬ ಐತಿಹ್ಯವು 1833ರಲ್ಲಿ ನೇಪಲ್ಸಿನ ಸನ್ಯಾಸಿನಿಯೋರ್ವಳ ದರ್ಶನಗಳಿಂದ ಹಬ್ಬಿತು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾಪಂಚಾಂಗಗಳಿಂದ ತೆಗೆಯಿತಾದರೂ ಜನರ ಭಕ್ತಿ ಕುಂದಲಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟ, ಫಿಲೋಮಿನಾಳ ಹೆಸರಿನ ಮೈಸೂರಿನ ಅವಳಿಗೋಪುರಗಳ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಪ್ರತಿಮೆಯನ್ನು ಸರ್ವಮತೀಯರೂ ದರ್ಶಿಸುತ್ತಾರೆ. ಹಿಂದೂ ಅರಸರು ಕ್ರೈಸ್ತ ಕನ್ಯೆಯ ಗುಡಿಗೆ ಅಡಿಪಾಯವಿಟ್ಟ ಈ ಔದಾರ್ಯವು, ಕನ್ನಡಿಗನು ಎಲ್ಲಿ ನೆಲೆಸಿದರೂ ಅನುಸರಿಸತಕ್ಕ ಆದರ್ಶವಾಗಿದೆ.