ಕೊನೆಯ ಬಸ್ಸಿಗೆ ಮುಂಚಿನ ಆಟ

ಕುದುರೆಮುಖದ ತಪ್ಪಲಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಇದ್ದರೆ ಶಾಲೆಯ ಅಂಗಳ, ಇಲ್ಲವೇ ಕಾಫಿ ಒಣಗಿಸುವ ಕಣ. ಜೂನ್ ಬಂತೆಂದರೆ ಅಂಗಳ ಕೆಸರು. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ. ಹುಡುಗಿಯರು ಫುಟ್‌ಬಾಲ್ ಆಡುವುದೆಲ್ಲಿ?

ಇದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದರು. ಆದರೆ ಕಲಿಯಲು ಬೆಂಗಳೂರಿಗೇ ಹೋಗಬೇಕಾಯಿತು. ಎಲ್ಲ ಮನೆಗೂ ಅದು ಆಗುವ ಮಾತಲ್ಲ.

ಕೆನ್ಯಾದ ಕಿಲಿಫಿಯಲ್ಲಿ 2001ರಲ್ಲಿ ಶುರುವಾದ ‘ಮೂವಿಂಗ್ ದ ಗೋಲ್‌ಪೋಸ್ಟ್ಸ್’ ಎಂಬ ಹುಡುಗಿಯರ ಫುಟ್‌ಬಾಲ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಹಳ್ಳಿಯ ಹುಡುಗಿಯರೇ ಆಟಗಾರ್ತಿಯರು, ಕೋಚ್‌ಗಳು, ರೆಫರಿಗಳು. ನನಗೆ ತುಂಬಾ ಹಿಡಿಸಿದ್ದು ಇದೇ: ಊರಲ್ಲಿ ಕಲಿತವಳು ಊರಲ್ಲೇ ಕಲಿಸುತ್ತಾಳೆ.

ಇಲ್ಲೂ ಹಾಗಾಗಬೇಕಾದರೆ ನಮ್ಮ ಮಲೆನಾಡಿನ ಹುಡುಗಿಯರ ತಂಡಕ್ಕೆ ಬರೀ ಜೆರ್ಸಿ ಸಾಲದು. ಕೆಸರಲ್ಲಿ ಜಾರದ ಬೂಟು ಕೊಡಿ, ಸ್ಯಾನಿಟರಿ ಪ್ಯಾಡ್ ಕೊಡಿ, ಕೊನೆಯ ಬಸ್ಸು ತಪ್ಪಿದ ಸಂಜೆ ಮನೆ ಮುಟ್ಟಿಸಲು ಒಂದು ಜೀಪು ಕಳಿಸಿ.