ಕ್ಯಾಮೆರಾ ಒಂದು, ಕಣ್ಣು ಕೋಟಿ: ಲೈವ್ ನಿಮ್ಮ ಮೊಬೈಲ್‌ಗೆ ಬರೋದು ಹೇಗೆ?

2023ರ ಆಗಸ್ಟ್ 23. ಸಂಜೆ ಆರು ದಾಟಿ ಕೆಲವೇ ನಿಮಿಷ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕೂತಿದ್ದರು. ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಅದನ್ನ ಇಸ್ರೋದ ಯೂಟ್ಯೂಬ್ ಚಾನೆಲ್ ಒಂದರಲ್ಲೇ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಟಿವಿಯಲ್ಲಿ ನೋಡಿದವರ ಲೆಕ್ಕ ಬೇರೆ.

ಒಂದು ಕೋಣೆಯ ದೃಶ್ಯ 80 ಲಕ್ಷ ಪರದೆಗಳಿಗೆ ಒಟ್ಟಿಗೆ ಹೋಗೋದು ಹೇಗೆ? ಟಿವಿ ಥರಾನೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ. ಎರಡಕ್ಕೂ ಅಜಗಜಾಂತರ.

ಟಿವಿ ಅನ್ನೋದು ಜಾತ್ರೆಯ ಮೈಕ್ ಇದ್ದ ಹಾಗೆ. ನಮ್ಮ ಸ್ಟುಡಿಯೋದ ದೃಶ್ಯ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗುತ್ತೆ, ಅಲ್ಲಿಂದ ಇಡೀ ದೇಶದ ಮೇಲೆ ಬೀಳುತ್ತೆ. ಡಿಶ್ ಇಟ್ಟವರು ಹತ್ತು ಜನ ಇರಲಿ, ಹತ್ತು ಕೋಟಿ ಇರಲಿ, ಉಪಗ್ರಹಕ್ಕೆ ಶ್ರಮ ಒಂದೇ.

ಇಂಟರ್‌ನೆಟ್ ಲೈವ್ ಹಾಗಲ್ಲ. ಅದು ಮದುವೆ ಮನೆಯ ಪಂಕ್ತಿ ಊಟ. ಪ್ರತಿ ಎಲೆಗೂ ಬೇರೆ ಬೇರೆಯಾಗಿ ಬಡಿಸಬೇಕು. ಒಬ್ಬ ವೀಕ್ಷಕನಿಗೆ ಸೆಕೆಂಡಿಗೆ 2 ಮೆಗಾಬಿಟ್ ಸಾಕು ಅಂತಲೇ ಇಟ್ಟುಕೊಳ್ಳಿ. 80 ಲಕ್ಷ ಮಂದಿಗೆ? ಸೆಕೆಂಡಿಗೆ 1 ಕೋಟಿ 60 ಲಕ್ಷ ಮೆಗಾಬಿಟ್! ಒಂದೇ ಕಂಪ್ಯೂಟರ್ ಇಷ್ಟನ್ನ ಬಡಿಸೋಕೆ ಹೊರಟರೆ ಮೊದಲ ಪಂಕ್ತಿಯಲ್ಲೇ ಕುಸಿದು ಬೀಳುತ್ತೆ.

ಈ ಕಥೆ ಶುರುವಾಗಿದ್ದು ಒಂದು ಕಾಫಿ ಪಾತ್ರೆಯಿಂದ ಅಂದ್ರೆ ನಂಬ್ತೀರಾ? 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್‌ನವರು, ಕಾಫಿ ಖಾಲಿಯಾಗಿದೆಯೋ ಇಲ್ಲವೋ ಅಂತ ಕೂತಲ್ಲೇ ತಿಳಿಯೋಕೆ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ವೆಬ್‌ಗೆ ಬಂತು. ಆಗಾಗ ಬದಲಾಗುವ ಒಂದು ಪುಟ್ಟ ಬಿಳಿ-ಕಪ್ಪು ಚಿತ್ರ, ಅಷ್ಟೇ. ಅದನ್ನೂ ದೇಶ ದೇಶಗಳ ಜನ ಇಣುಕಿ ನೋಡಿದರು. 2001ರಲ್ಲಿ ಆ ಕ್ಯಾಮೆರಾ ಆಫ್ ಆಯ್ತು.

ಕಾಫಿ ಪಾತ್ರೆಯಿಂದ ಚಂದ್ರನವರೆಗೆ ಬರೋಕೆ ಮೂರು ಕೆಲಸ ಸಾಧ್ಯವಾಗಬೇಕಿತ್ತು.

ಮೊದಲನೆಯದು, ಮೂಟೆ ಕಟ್ಟೋದು. ಎಚ್‌ಡಿ ಕ್ಯಾಮೆರಾದ ದೃಶ್ಯವನ್ನ ಇದ್ದ ಹಾಗೇ ಕಳಿಸಿದರೆ ಸೆಕೆಂಡಿಗೆ 100 ಕೋಟಿ ಬಿಟ್‌ಗೂ ಹೆಚ್ಚಾಗುತ್ತೆ. ಹಾಗಾಗಿ ಎನ್‌ಕೋಡರ್ ಒಂದು ಜಾಣತನ ಮಾಡುತ್ತೆ. ನಾನು ಸುದ್ದಿ ಓದುವಾಗ ತುಟಿ, ಕೈ ಅಲ್ಲಾಡುತ್ತೆ. ಹಿಂದಿನ ಗೋಡೆ ಅಲ್ಲಾಡಲ್ಲ. ಅಂದಮೇಲೆ ಗೋಡೆಯನ್ನ ಮತ್ತೆ ಮತ್ತೆ ಯಾಕೆ ಕಳಿಸಬೇಕು? ಬದಲಾಗಿದ್ದನ್ನ ಮಾತ್ರ ಕಳಿಸಿದರೆ ಸಾಕು. ಗಾತ್ರ ನೂರಾರು ಪಟ್ಟು ಇಳಿಯುತ್ತೆ.

ಎರಡನೆಯದು, ತುಂಡು ಮಾಡೋದು. ನಿಮ್ಮ ಕ್ಯಾಮೆರಾದಿಂದ ಹೊರಡೋದು ಒಂದೇ ಪ್ರತಿ. ಅದು ಕಂಪನಿಯ ಸರ್ವರ್ ಮುಟ್ಟಿದ ಮೇಲೆ ಹಲವು ಗುಣಮಟ್ಟದ ಪ್ರತಿಗಳಾಗುತ್ತೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ನಿಮ್ಮ ಮೊಬೈಲ್ ಒಂದಾದ ಮೇಲೊಂದು ತುಂಡನ್ನ ಕೇಳಿ ತರಿಸಿಕೊಳ್ಳುತ್ತೆ. ಬಸ್ಸು ಘಾಟಿ ಇಳಿಯುವಾಗ ಚಿತ್ರ ಮಸುಕಾಗಿ, ಊರು ಬಂದ ತಕ್ಷಣ ಸ್ಪಷ್ಟವಾಗುತ್ತಲ್ಲ? ಅದು ಕೆಟ್ಟಿದ್ದಲ್ಲ. ಸಿಗ್ನಲ್ ಕಡಿಮೆ ಇದ್ದಾಗ ಮೊಬೈಲೇ ಚಿಕ್ಕ ತುಂಡು ಕೇಳುತ್ತೆ.

ಮೂರನೆಯದೇ ಮುಖ್ಯ: ಹಂಚೋದು. ಅಡುಗೆ ಒಂದೇ ಕಡೆ, ಆದರೆ ಪ್ರತಿ ಪಂಕ್ತಿಗೂ ಬೇರೆ ಬಡಿಸುವವರು. ದೊಡ್ಡ ನಗರಗಳಲ್ಲಿ, ಇಂಟರ್‌ನೆಟ್ ಕಂಪನಿಗಳ ಕಟ್ಟಡದೊಳಗೇ ಇಂಥ ಸರ್ವರ್‌ಗಳು ಕೂತಿರುತ್ತವೆ. ಹೊಸ ತುಂಡನ್ನ ಅವು ಒಮ್ಮೆ ತರಿಸಿ ಇಟ್ಟುಕೊಂಡು, ಸುತ್ತಲಿನ ಸಾವಿರಾರು ಮಂದಿಗೆ ಅಲ್ಲಿಂದಲೇ ಕೊಡುತ್ತವೆ. ಈ ಕತ್ತರಿಸೋದು, ಹಂಚೋದು, ಜೋಡಿಸೋದಕ್ಕೆ ಸಮಯ ಹಿಡಿಯುತ್ತೆ. ಅದಕ್ಕೇ ಪಕ್ಕದ ಮನೆಯ ಟಿವಿ ಮುಂದೆ "ಸಿಕ್ಸ್!" ಅಂತ ಕೂಗೆದ್ದಾಗ ನಿಮ್ಮ ಮೊಬೈಲಲ್ಲಿ ಬೌಲರ್ ಇನ್ನೂ ಓಡಿ ಬರ್ತಾ ಇರ್ತಾನೆ!

ತಂತ್ರಜ್ಞಾನ ಅದ್ಭುತ, ಒಪ್ಪೋಣ. ಆದರೆ ಈ ಇಡೀ ಸರಪಳಿಯಲ್ಲಿ ಒಬ್ಬರು ಕಾಣೆಯಾಗಿದ್ದಾರೆ, ಗಮನಿಸಿದ್ರಾ? ಇದನ್ನ ತೋರಿಸಬೇಕಾ ಬೇಡವಾ ಅಂತ ಕೇಳುವ ಮನುಷ್ಯ.

2019ರ ಮಾರ್ಚ್ 15. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌. ಎರಡು ಮಸೀದಿಗಳಲ್ಲಿ 51 ಜನರನ್ನ ಕೊಂದ ಹಂತಕ ಆ ಕೃತ್ಯವನ್ನ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ. ಫೇಸ್‌ಬುಕ್ ಆಮೇಲೆ ಕೊಟ್ಟ ಲೆಕ್ಕ ಕೇಳಿ. ಲೈವ್ ನಡೆಯುವಾಗಿನ ವೀಕ್ಷಣೆ 200ಕ್ಕಿಂತ ಕಡಿಮೆ. ಅವರಲ್ಲಿ ಒಬ್ಬರೂ ದೂರು ಕೊಡಲಿಲ್ಲ. ಮೊದಲ ದೂರು ಬಂದಿದ್ದು ಲೈವ್ ಮುಗಿದು 12 ನಿಮಿಷ ಆದ ಮೇಲೆ. ಮುಂದಿನ 24 ಗಂಟೆಯಲ್ಲಿ ಕಂಪನಿ ತೆಗೆದುಹಾಕಬೇಕಾಗಿ ಬಂದ ಪ್ರತಿಗಳು 15 ಲಕ್ಷ! ಅಂದರೆ ಆ ಕ್ರೌರ್ಯವನ್ನ ಜಗತ್ತಿಗೆ ಹಂಚಿದ್ದು ಕ್ಯಾಮೆರಾ ಒಂದೇ ಅಲ್ಲ, ಜನರ ಹೆಬ್ಬೆರಳು.

ಟಿವಿಯವರು ಸಾಚಾನಾ? ಖಂಡಿತ ಅಲ್ಲ. 2008ರ ಮುಂಬೈ ದಾಳಿಯ ವೇಳೆ ಕಮಾಂಡೋಗಳ ಚಲನವಲನವನ್ನ ಚಾನೆಲ್‌ಗಳು ನೇರಪ್ರಸಾರ ಮಾಡಿದವು. ಗಡಿಯಾಚೆ ಕೂತಿದ್ದ ಸೂತ್ರಧಾರರು ಅದನ್ನ ನೋಡಿಕೊಂಡೇ ಉಗ್ರರಿಗೆ ಫೋನಲ್ಲಿ ಸೂಚನೆ ಕೊಟ್ಟರು. 2012ರಲ್ಲಿ ಕಸಬ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಛೀಮಾರಿ ಹಾಕಿತು. 2015ರಲ್ಲಿ ನಿಯಮವೇ ಬಂತು: ಉಗ್ರ ನಿಗ್ರಹ ಕಾರ್ಯಾಚರಣೆ ಮುಗಿಯೋವರೆಗೆ ಲೈವ್ ತೋರಿಸುವ ಹಾಗಿಲ್ಲ, ನಿಗದಿತ ಅಧಿಕಾರಿ ಕೊಡುವ ಮಾಹಿತಿಯಷ್ಟೇ. ನಮಗೆ ಲಗಾಮು ಬಿದ್ದಿದ್ದು ಸರಿಯಾಗೇ ಇದೆ.

ಈಗ ಸ್ಟುಡಿಯೋ ನಿಮ್ಮ ಜೇಬಲ್ಲಿದೆ. ಅಪಘಾತದಲ್ಲಿ ಬಿದ್ದವರ ನರಳಾಟ, ಯಾರದೋ ಮನೆಯ ಜಗಳ, ಗಲಭೆ, ಎಲ್ಲವೂ ಒಂದು ಬಟನ್‌ಗೆ ಲೈವ್. ನಿಮ್ಮ ಕೈಗೆ ಸಿಕ್ಕಿರೋದು ನಮ್ಮ ಕ್ಯಾಮೆರಾ ಮಾತ್ರ ಅಲ್ಲ, ನಮ್ಮ ಜವಾಬ್ದಾರಿ ಕೂಡ. ಬೇಡದ ಲೈವ್ ಕಂಡರೆ ಆ ಕ್ಷಣವೇ ರಿಪೋರ್ಟ್ ಮಾಡಿ. ಮುಖ್ಯವಾಗಿ, ಫಾರ್ವರ್ಡ್ ಮಾಡಬೇಡಿ. ಯಂತ್ರ ಎಲೆಗೆ ಬಡಿಸೋದಷ್ಟೇ ಕಲಿತಿದೆ. ಹಳಸಿದ್ದನ್ನ ಎತ್ತಿ ಪಕ್ಕಕ್ಕಿಡಬೇಕಾದವರು ನಾವೇ.