ದಂಡದ ಸಂದೇಶ: ಅಸಲಿಯೋ, ನಕಲಿಯೋ?

ಪ್ರಶ್ನೆ: ‘ನೋ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿದ್ದೀರಿ, ದಂಡ ಕಟ್ಟಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬಂದಿದೆ. ಜೊತೆಗೊಂದು ಫೈಲ್ ಇದೆ. ಗಾಡಿ ನಂಬರ್ ನನ್ನದೇ. ನಂಬಬಹುದೇ?

ಉತ್ತರ: ಮೊದಲಿಗೆ, ಆ ಫೈಲನ್ನು ಮುಟ್ಟಬೇಡಿ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಚಲನ್ ಅಲ್ಲ, ಮೊಬೈಲಿಗೆ ಇಳಿಯುವ ಆ್ಯಪ್. ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಅದು ನಿಮ್ಮ ಎಸ್‌ಎಂಎಸ್‌ಗಳನ್ನು ಓದತೊಡಗುತ್ತದೆ. ಬ್ಯಾಂಕಿನ ಒಟಿಪಿ ನೇರವಾಗಿ ಕಳ್ಳನ ಕೈಸೇರುತ್ತದೆ. ಇನ್ನು ಕೆಲವರು ಫೈಲ್ ಬದಲು ಲಿಂಕ್ ಕಳಿಸುತ್ತಾರೆ. ಒತ್ತಿದರೆ ಸರ್ಕಾರಿ ಜಾಲತಾಣದ ತದ್ರೂಪು ತೆರೆದುಕೊಂಡು ಕಾರ್ಡಿನ ವಿವರ ಕೇಳುತ್ತದೆ.

ಗಾಡಿ ನಂಬರ್ ಸರಿಯಿದೆ ಎಂಬುದು ಪುರಾವೆಯಲ್ಲ. ನಂಬರ್ ಪ್ಲೇಟ್ ಬೀದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥದ್ದು ತಾನೆ?

ಪರೀಕ್ಷಿಸುವ ದಾರಿ ಸುಲಭ. ಸಂದೇಶದಲ್ಲಿರುವ ಲಿಂಕನ್ನು ಬಿಟ್ಟು, ಸರ್ಕಾರದ ‘ಪರಿವಾಹನ್’ ಇ-ಚಲನ್ ತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ. ತಾಣದ ಹೆಸರು ‘ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕು; ಆ ಅಕ್ಷರಗಳು ನಡುವೆಲ್ಲೋ ಇದ್ದರೆ ಸಾಲದು. ಮೊಬೈಲ್ ಗೊಡವೆಯೇ ಬೇಡವೆಂದರೆ ಬೆಂಗಳೂರಿನವರು ಬೆಂಗಳೂರು ಒನ್ ಕೇಂದ್ರದಲ್ಲಿ ಅಥವಾ ಸಂಚಾರ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು. ದಂಡ ನಿಜವಾಗಿದ್ದರೆ ಅಲ್ಲೇ ಕಟ್ಟಿ, ರಸೀದಿ ಪಡೆಯಿರಿ.

ಈಗಾಗಲೇ ಆ್ಯಪ್ ಹಾಕಿಕೊಂಡಿದ್ದರೆ ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.